ಕಡ, ಎರವಲು, ಒಡವೆ

ಹೋದ ತಿಂಗಳ ಮಾತು. ನಮ್ಮ ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ ಒಂದು ಸಂಜೆ ಸ್ಟೀಲಿನ ವಾಟಗ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ‘ಅಮ್ಮಾರ, ಮನ್ಯಾಗ ಸಕ್ಕರಿ ಹೆಚ್ಚೇತ್ರಿ. ಒಂದು ವಾಟಗ ಕಡಾ ಕೊಡ್ರಿ, ನಾಳೆ ತಂದು ಕೊಡ್ತೀನಿ’ ಎಂದಳು. ಸಕ್ಕರೆ ಕೊಡುವ ಮೊದಲು ಅವಳನ್ನು ಒಳಗೆ ಕರೆದು ಕೂರಿಸಬೇಕು ಅನ್ನಿಸಿತು ನನಗೆ. ಮನೆಯಲ್ಲಿ ಸಕ್ಕರೆ ಮುಗಿದಿದೆ ಎನ್ನದೆ ‘ಹೆಚ್ಚಿದೆ’ ಎನ್ನುವ ಹುಡುಗಿಯರು ಈಗ ಎಷ್ಟು ಜನ ಇದ್ದಾರೆ? ನಮ್ಮ ಅವ್ವ ಹಾಗೆಯೇ ಹೇಳುತ್ತಿದ್ದಳು. ಅಕ್ಕಿ ತೀರಿದರೆ ‘ಹೆಚ್ಚೇತಿ’, ಬಳೆ ಒಡೆದರೆ ‘ಹೆಚ್ಚಿದುವು’, ದೀಪ ಆರಿಸುವಾಗ ‘ದೊಡ್ಡದು ಮಾಡು’. ಇಲ್ಲ ಎಂಬ ಮಾತು ಅಡುಗೆಮನೆಯಲ್ಲಿ ಆಡಬಾರದು ಎಂಬುದು ಅವಳ ಕಟ್ಟಳೆ. ಡಬ್ಬಿ ಬರಿದಾಗಿದೆ ಎನ್ನುವುದು ಡಬ್ಬಿಗೆ ಗೊತ್ತು, ನಮಗೆ ಗೊತ್ತು. ಊರಿಗೆ ಯಾಕೆ ಗೊತ್ತಾಗಬೇಕು?

ಸಕ್ಕರೆ ಕೊಟ್ಟು ಬಂದಮೇಲೆ ಬೆಂಗಳೂರಿನಿಂದ ರಜೆಗೆ ಬಂದಿದ್ದ ನನ್ನ ಮೊಮ್ಮಗ ಕೇಳಿದ: ‘ಅಜ್ಜಿ, ಆ ಆಂಟಿ ನಾಳೆ ಇದೇ ಸಕ್ಕರೆ ವಾಪಸ್ ತಂದುಕೊಡ್ತಾರಾ? ಚಹಾಕ್ಕೆ ಹಾಕಿಬಿಟ್ಟಿದ್ದರೆ?’

ನಾನು ನಕ್ಕೆ. ಆದರೆ ರಾತ್ರಿ ಮಲಗಿದಾಗ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಸಂಧಿ, ಸಮಾಸ, ತತ್ಸಮ, ತದ್ಭವ ಎಲ್ಲ ಹೇಳಿದೆ. ಕೊಡು-ತಗೊಳ್ಳುವ ಮಾತುಗಳ ಬಗ್ಗೆ ಒಂದು ದಿನವೂ ಹೇಳಲಿಲ್ಲ. ಅವನ್ನು ಕಲಿಸಿದವಳು ಅವ್ವ, ಕಲಿತ ಸಾಲೆ ಅಡುಗೆಮನೆ.

ಸಕ್ಕರೆ, ಎಣ್ಣೆ, ಜೋಳದ ಹಿಟ್ಟು ಇವನ್ನು ತರುವುದು ಕಡ. ಅದೇ ಕಾಳು, ಅದೇ ಹಿಟ್ಟು ತಿರುಗಿ ಬರುವುದಿಲ್ಲ; ಅಷ್ಟೇ ಅಳತೆಯ ಬೇರೆ ಹಿಟ್ಟು ಬರುತ್ತದೆ. ಒಳಕಲ್ಲು ಗುಂಡು, ಏಣಿ, ದೊಡ್ಡ ಹಂಡೆ, ಮದುವೆಗೆ ಹೋಗಲು ಒಂದು ಸರ ಇವನ್ನು ತರುವುದು ಎರವಲು. ಇಲ್ಲಿ ಅದೇ ಹಂಡೆ, ಅದೇ ಸರ ತಿರುಗಿ ಬರಬೇಕು. ರೊಕ್ಕವನ್ನು ಕಾಗದವಿಲ್ಲದೆ ನಾಲ್ಕು ದಿನಕ್ಕೆ ತಂದರೆ ಕೈಗಡ. ಕಾಗದ ಬರೆದು ಬಡ್ಡಿ ಗೊತ್ತುಮಾಡಿ ತಂದರೆ ಸಾಲ. ಸರವನ್ನೇ ಇಟ್ಟು ರೊಕ್ಕ ತಂದರೆ ಒತ್ತೆ, ನಮ್ಮ ಕಡೆಯ ಮಾತಿನಲ್ಲಿ ಗಿರವಿ. ಒಂದು ವಸ್ತು ಒಂದು ಮನೆಯಿಂದ ಇನ್ನೊಂದು ಮನೆಗೆ ಹೊಸ್ತಿಲು ದಾಟಿದ್ದಷ್ಟೇ. ಆದರೆ ಅದಕ್ಕೆ ಐದು ಹೆಸರು, ಐದು ರೀತಿಯ ಋಣ. ಹಳೆಯ ರೋಮನ್ನರ ಕಾನೂನಿನಲ್ಲಿಯೂ ಕಡಕ್ಕೆ ಒಂದು ಹೆಸರು, ಎರವಲಿಗೆ ಇನ್ನೊಂದು ಹೆಸರು ಇತ್ತು ಎಂದು ಒಮ್ಮೆ ಓದಿ ನನಗೆ ಆಶ್ಚರ್ಯವಾಗಿತ್ತು. ಆ ಭೇದವನ್ನು ಅಲ್ಲಿನ ಪಂಡಿತರು ಗ್ರಂಥದಲ್ಲಿ ಬರೆದರು. ನಮ್ಮ ಓಣಿಯ ಹೆಂಗಸರು ಒಂದಕ್ಷರ ಬರೆಯದೆ ಅದನ್ನೇ ನಡೆಸಿಕೊಂಡು ಬಂದರು.

ಆ ಐದು ಮಾತಿಗೂ ಬೇರೆ ಬೇರೆ ಶಿಷ್ಟಾಚಾರ. ಎರವಲು ತಂದ ಪಾತ್ರೆಯನ್ನು ಬರಿದು ಕೊಡಬಾರದು. ಒಂದು ಹಿಡಿ ಅಕ್ಕಿಯೋ, ಒಂದು ತುಂಡು ಬೆಲ್ಲವೋ ಹಾಕಿ ಕೊಡಬೇಕು. ಕಡವನ್ನು ತಂದ ಅಳತೆಗಿಂತ ಒಂದು ಚಿಟಿಕೆ ಹೆಚ್ಚು ತುಂಬಿ ಕೊಡಬೇಕು. ಅದಕ್ಕೆ ಬಡ್ಡಿ ಎನ್ನುವಂತಿಲ್ಲ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ನೆಲದ ಮೇಲೆ ಇಡಬೇಕು. ದೀಪ ಹಚ್ಚಿದ ಮೇಲೆ ಹಾಲು ಮೊಸರು ಕೊಡುವಂತಿಲ್ಲ. ಮೂಢನಂಬಿಕೆ ಎಂದು ನಾನೂ ಕಾಲೇಜಿನ ದಿನಗಳಲ್ಲಿ ಅವ್ವನ ಸಂಗಡ ವಾದಿಸಿದವಳೇ. ಈಗ ಅನ್ನಿಸುತ್ತದೆ, ರೊಕ್ಕದ ಬೀಗದಕೈ ಗಂಡಸರ ಸೊಂಟದಲ್ಲಿದ್ದ ಕಾಲದಲ್ಲಿ ಈ ವಾಟಗದ ವ್ಯವಹಾರವೊಂದೇ ಹೆಂಗಸರ ಸ್ವಂತ ಬ್ಯಾಂಕು. ಬ್ಯಾಂಕು ಅಂದಮೇಲೆ ನಿಯಮ ಇರಲೇಬೇಕಲ್ಲ.

ಅಳತೆಯೂ ನಮ್ಮದೇ ಇತ್ತು. ಸೇರು, ಅಚ್ಚೇರು, ಪಾವು, ಚಟಾಕು. ದೇಶದಲ್ಲಿ 1957ರ ಏಪ್ರಿಲ್ 1ರಿಂದ ಹೊಸ ಪೈಸೆ ಬಂತು. ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಆಯಿತು. ಅದರ ಹಿಂದೆಯೇ ಕಿಲೋ, ಲೀಟರು ಬಂದು 1960ರ ದಶಕದ ಮೊದಲ ವರ್ಷಗಳಲ್ಲಿ ಅಂಗಡಿಯಿಂದ ಸೇರು ಹೊರಬಿತ್ತು. ಅವ್ವನ ಅಡುಗೆಮನೆಯಿಂದ ಮಾತ್ರ ಅದು ಕೊನೆಯವರೆಗೂ ಹೊರಬೀಳಲಿಲ್ಲ. 2011ರ ಜೂನ್ ಕೊನೆಗೆ 25 ಪೈಸೆಯ ನಾಣ್ಯವೂ ಚಲಾವಣೆಯಿಂದ ಹೋಯಿತು. ಆದರೆ ನಮ್ಮ ಓಣಿಯಲ್ಲಿ ಈಗಲೂ ಮಾತು ‘ಹದಿನಾರಾಣೆ’ ಖರೆ ಇರುತ್ತದೆ. ಹಣ ಎಂಬ ಮಾತೂ ಹೀಗೆಯೇ ಉಳಿದುಕೊಂಡದ್ದು. ಹಣ ಅಂದರೆ ಒಂದು ಕಾಲಕ್ಕೆ ಸಣ್ಣದೊಂದು ಚಿನ್ನದ ನಾಣ್ಯ. ಮೈಸೂರಿನ ಕಂಠೀರವ ನರಸರಾಜ ಒಡೆಯರು 17ನೆಯ ಶತಮಾನದಲ್ಲಿ ಹಾಕಿಸಿದ ಕಂಠೀರಾಯ ಹಣ ಹತ್ತು ಸೇರಿದರೆ ಒಂದು ವರಹದ ಲೆಕ್ಕ. ದುಡ್ಡು ಅಂದರೆ ತಾಮ್ರದ ನಾಣ್ಯ. ನಾಣ್ಯಗಳು ಸತ್ತವು, ಹೆಸರುಗಳು ಬಾಯಲ್ಲಿ ಬದುಕಿವೆ. ಮಾತಿನ ಆಯಸ್ಸು ವಸ್ತುವಿನ ಆಯಸ್ಸಿಗಿಂತ ದೊಡ್ಡದು.

ಕೊಡುಗೆಯ ಲೆಕ್ಕವನ್ನು ಅವ್ವ ಬರೆದಿಡುತ್ತಿದ್ದುದು ಒಂದೇ ಕಡೆ, ಮದುವೆಯ ಆಯೇರಿಯ ವಹಿಯಲ್ಲಿ. ಯಾರು ಸೀರೆ ತಂದರು, ಯಾರು ಕುಪ್ಪಸದ ಕಣ ತಂದರು, ಯಾರು ಐದು ರೂಪಾಯಿ ಕೊಟ್ಟರು, ಎಲ್ಲ ಅದರಲ್ಲಿ. ಅವರ ಮನೆಯಲ್ಲಿ ಮದುವೆಯಾದಾಗ ಆ ವಹಿ ತೆಗೆದು ನೋಡಿಯೇ ಹೋಗುವುದು. ಇದಕ್ಕೆ ಮುಯ್ಯಿ ಎನ್ನುತ್ತಾರೆ. ಉಡುಗೊರೆಗೆ ಪ್ರತಿಯಾಗಿ ಕೊಡುವುದೂ ಮುಯ್ಯಿ, ಹೊಡೆತಕ್ಕೆ ಪ್ರತಿಯಾಗಿ ಹೊಡೆಯುವುದೂ ಮುಯ್ಯಿ. ಪ್ರೀತಿಗೂ ಹಗೆಗೂ ಒಂದೇ ಮಾತನ್ನು ಇಟ್ಟವರು ಎಂಥ ಅನುಭವಸ್ಥರಿರಬೇಕು! ತವರಿನವರು ಕೊಟ್ಟ ಸೀರೆ ತೆಳುವಾಯಿತೆಂದು ಇಪ್ಪತ್ತು ವರ್ಷ ಮಾತು ಬಿಟ್ಟ ನಾದಿನಿಯರನ್ನು ನೀವೂ ಕಂಡಿರಬಹುದು.

ನನ್ನ ಮದುವೆಯಾದದ್ದು 1978ರಲ್ಲಿ. ಬಂದ ಪಾತ್ರೆಗಳು ಈಗಲೂ ಅಟ್ಟದ ಮೇಲಿವೆ. ಆಗಿನ ಪದ್ಧತಿಯಂತೆ ಪ್ರತಿಯೊಂದರ ಮೇಲೂ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಬರೆಸಿದ ಹೆಸರು. ಕೆಲವದರ ಮೇಲೆ ಕೊಟ್ಟವರ ಹೆಸರು, ಉಳಿದವುಗಳ ಮೇಲೆ ನನ್ನ ಯಜಮಾನರ ಹೆಸರು. ಒಂದು ದಿನ ಧೂಳು ಒರೆಸುತ್ತ ಕುಳಿತಾಗ ಹೊಳೆಯಿತು: ನನ್ನ ಮದುವೆಯ ಪಾತ್ರೆಗಳಲ್ಲಿ ಒಂದರ ಮೇಲೂ ನನ್ನ ಹೆಸರಿಲ್ಲ. ಇಷ್ಟು ವರ್ಷ ತಿಕ್ಕಿದವಳು ಮಾತ್ರ ನಾನು.

ಹಾಗಾದರೆ ಹೆಣ್ಣಿನದು ಎನ್ನುವುದು ಯಾವುದು? ಒಡವೆ ಎಂದು ಯಾರಾದರೂ ಥಟ್ಟನೆ ಹೇಳುತ್ತಾರೆ. ಆ ಮಾತಿನ ಕಥೆಯನ್ನೇ ಸ್ವಲ್ಪ ನೋಡಿ. ಇಂದು ಒಡವೆ ಎಂದರೆ ನಗ, ಬಂಗಾರದ ಸಾಮಾನು. ಆದರೆ ಹಳಗನ್ನಡದಲ್ಲಿ ಒಡಮೆ, ಒಡವೆ ಎಂದರೆ ಸ್ವತ್ತು, ಸಂಪತ್ತು. ಒಬ್ಬರಿಗೆ ಸೇರಿದ್ದೆಲ್ಲ ಒಡವೆಯೇ. ಅದರ ನೆಂಟ ಶಬ್ದಗಳು ಒಡೆಯ, ಒಡತಿ, ಒಡೆತನ. ನೆರೆಯ ತಮಿಳಿನಲ್ಲಿ ಇದರ ಅಕ್ಕತಂಗಿಯಂತಿರುವ ಉಡೈಮೈ ಎಂಬ ಶಬ್ದಕ್ಕೆ ಇಂದಿಗೂ ಆಸ್ತಿ ಎಂದೇ ಅರ್ಥ. ಕನ್ನಡದಲ್ಲಿ ಮಾತ್ರ ಅದು ಕುಗ್ಗುತ್ತ ಕುಗ್ಗುತ್ತ ಕೊರಳು, ಕೈ, ಕಿವಿಗೆ ಬಂದು ನಿಂತಿತು. ಹೊಲ ಜಮೀನಾಯಿತು, ಮನೆ ಆಸ್ತಿಯಾಯಿತು, ಉಳಿದದ್ದು ಸಾಮಾನಾಯಿತು. ಯಾಕೆ ಹೀಗಾಯಿತೆಂದು ಭಾಷಾಪಂಡಿತರು ಹೇಳಬೇಕು. ನನ್ನ ಊಹೆ ಇಷ್ಟೇ: ಮನೆಯಲ್ಲಿ ‘ನಂದು’ ಎಂದು ಹೆಣ್ಣುಮಗಳು ಗಟ್ಟಿಯಾಗಿ ಹೇಳಬಹುದಾಗಿದ್ದುದು ಮೈಮೇಲಿದ್ದುದನ್ನು ಮಾತ್ರ. ಆ ಮಾತನ್ನು ಹೆಚ್ಚಾಗಿ ಆಡಿದವರು ಹೆಂಗಸರು. ಅವರ ಸ್ವತ್ತು ಎಷ್ಟಿತ್ತೋ ಮಾತಿನ ಅರ್ಥವೂ ಅಷ್ಟಕ್ಕೇ ಇಳಿಯಿತು.

ಹೆಣ್ಣು ಒಡತಿಯಾಗುವುದಿರಲಿ, ಅವಳೇ ಕೊಡುವ-ಕೊಳ್ಳುವ ಕ್ರಿಯಾಪದಕ್ಕೆ ಕರ್ಮವಾಗುತ್ತಾಳೆ. ‘ನಿಮ್ಮ ಮಗಳನ್ನ ಯಾವ ಊರಿಗೆ ಕೊಟ್ಟೀರಿ?’ ಎನ್ನುತ್ತೇವೆ. ‘ಸೊಸಿನ್ನ ಎಲ್ಲಿಂದ ತಂದ್ರಿ?’ ಎನ್ನುತ್ತೇವೆ. ಗಂಡುಮಗನನ್ನು ಯಾರೂ ಯಾವ ಊರಿಗೂ ಕೊಡುವುದಿಲ್ಲ. ಧಾರೆ ಎರೆದು ಕೊಟ್ಟರು ಎನ್ನುವುದನ್ನು ಮದುವೆಯ ಪತ್ರಿಕೆಗಳಲ್ಲಿ ಓದುತ್ತೇವೆ. ಹಳೆಯ ದಾನಶಾಸನಗಳಲ್ಲಿ ಹೊಲ ತೋಟಗಳನ್ನು ಬಿಟ್ಟುಕೊಡುವಾಗ ಬರೆಯುತ್ತಿದ್ದುದೂ ಅದನ್ನೇ: ಧಾರಾಪೂರ್ವಕವಾಗಿ ಕೊಟ್ಟರು, ಅಂದರೆ ನೀರು ಎರೆದು ಕೊಟ್ಟರು. ಹೊಲಕ್ಕೂ ಅದೇ ನೀರು, ಮಗಳಿಗೂ ಅದೇ ನೀರು.

ಹೆಣ್ಣಿಗೆ ಗಂಡಿನ ಕಡೆಯವರು ರೊಕ್ಕ ಕೊಟ್ಟು ತರುತ್ತಿದ್ದ ಪದ್ಧತಿ ಅನೇಕ ಜಾತಿಗಳಲ್ಲಿತ್ತು. ಅದಕ್ಕೆ ತೆರ ಎಂದು ಹೆಸರು. ತೆರು ಅಂದರೆ ಸಲ್ಲಿಸು. ಸರಕಾರಕ್ಕೆ ತೆರುವುದು ತೆರಿಗೆ, ಹೆಣ್ಣಿನ ತಂದೆಗೆ ತೆರುವುದು ತೆರ. ಮುಂದೆ ಕಾಲ ತಿರುಗಿ ಹೆಣ್ಣಿನ ಕಡೆಯವರೇ ಕೊಡಬೇಕಾದಾಗ ಅದಕ್ಕೆ ಅಂಥ ಬರಿಗಾಲಿನ ಮಾತು ಇಡಲಿಲ್ಲ. ಪೂಜೆ ಮಾಡಿಸಿದ ಮೇಲೆ ಭಕ್ತಿಯಿಂದ ಕೊಡುವ ದಕ್ಷಿಣೆಯ ಹೆಸರು ಹಚ್ಚಿ ವರದಕ್ಷಿಣೆ ಎಂದರು. ಕೇಳಿ ಕಸಿದುಕೊಂಡಿದ್ದೂ ದಕ್ಷಿಣೆಯೇ! 1961ರಲ್ಲಿ ಅದನ್ನು ನಿಷೇಧಿಸಿ ಕಾನೂನು ಬಂತು. ಆಮೇಲೆ ಅದರ ಹೆಸರು ‘ನಿಮ್ಮ ಮಗಳಿಗೆ ನೀವು ಪ್ರೀತಿಯಿಂದ ಮಾಡೂದು’ ಎಂದಾಯಿತು. ಹೆಸರು ಉದ್ದವಾದಷ್ಟೂ ಅನುಮಾನಪಡಬೇಕು.

ಇವೆರಡಕ್ಕಿಂತ ಹಳೆಯ, ನನಗೆ ಪ್ರೀತಿಯ ಮಾತು ಬಳುವಳಿ. ಮಗಳ ಬೆನ್ನಿಗೆ ತವರಿನಿಂದ ಹೋಗುವುದು ಬಳುವಳಿ. ನಮ್ಮ ಸೀಮೆಯಲ್ಲಿಯೇ, ನವಲಗುಂದ ತಾಲೂಕಿನ ಹೆಬ್ಬಾಳದಲ್ಲಿ, ಕ್ರಿ.ಶ. 975ರ ಒಂದು ಶಾಸನವಿದೆ. ರಾಷ್ಟ್ರಕೂಟ ದೊರೆ ಮೂರನೆಯ ಅಮೋಘವರ್ಷ ತನ್ನ ಮಗಳು ರೇವಕನಿಮ್ಮಡಿಯನ್ನು ಗಂಗರ ಇಮ್ಮಡಿ ಬೂತುಗನಿಗೆ ಕೊಟ್ಟಾಗ ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆನಾಡು 70 ಬಳುವಳಿಯಾಗಿ ಹೋದವು ಎನ್ನುತ್ತದೆ ಅದು. ಅಂದರೆ ಇಂದಿನ ಲಕ್ಷ್ಮೇಶ್ವರ, ಅಣ್ಣಿಗೇರಿ, ಗದಗ, ಪಟ್ಟದಕಲ್ಲು, ಬಾಗಲಕೋಟೆಯ ಸುತ್ತಿನ ನಾಡು. ನಾವು ಓಡಾಡುವ ಎರಿ ಹೊಲಗಳೆಲ್ಲ ಒಬ್ಬ ಹೆಣ್ಣುಮಗಳ ಬಳುವಳಿ! ಕಾಲೇಜಿನಲ್ಲಿ ಇದನ್ನು ಮೊದಲ ಸಲ ಓದಿದ ದಿನ ಬಸ್ಸಿನ ಕಿಟಕಿಯಿಂದ ಹೊಲಗಳನ್ನು ನೋಡುತ್ತ ಊರಿಗೆ ಹೋದದ್ದು ಈಗಲೂ ನೆನಪಿದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮದ್ದೂರಿನ ಕಡೆಯ ಆತಕೂರಿನಲ್ಲಿ ಇದಕ್ಕಿಂತ ಹಳೆಯ, ಸುಮಾರು 950ರ ಶಾಸನ ಸಿಕ್ಕಿದೆ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಬೂತುಗನಿಗೆ ಮೆಚ್ಚಿ ರೇವಕನಿಮ್ಮಡಿಯ ತಮ್ಮ, ಮೂರನೆಯ ಕೃಷ್ಣ, ಬನವಾಸಿ 12000ದ ಜೊತೆಗೆ ಕೊಟ್ಟ ನಾಡುಗಳ ಹೆಸರು ಅದರಲ್ಲಿವೆ: ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ಅವೇ ನಾಡುಗಳು! ಒಂದು ಕಲ್ಲಿನಲ್ಲಿ ಹೆಂಡತಿಯ ಬಳುವಳಿ, ಇನ್ನೊಂದು ಕಲ್ಲಿನಲ್ಲಿ ಗಂಡನ ಶೌರ್ಯಕ್ಕೆ ಬಹುಮಾನ. ಆತಕೂರಿನ ಅದೇ ಕಲ್ಲು ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೂ ನಿಂತದ್ದು. ನಾಯಿಯ ಹೆಸರು ಅಲ್ಲಿದೆ, ಬಳುವಳಿಯ ಮಾತು ಅಲ್ಲಿಲ್ಲ. ಆ ನಾಡು ನಿಜವಾಗಿ ಯಾರದಾಗಿತ್ತು ಎಂದು ಕೇಳಿದರೆ ಉತ್ತರ ಯಾವ ಕಲ್ಲನ್ನು ಓದುತ್ತೀರಿ ಎಂಬುದರ ಮೇಲಿದೆ.

ಹೆಣ್ಣು ಒಡತಿಯಾಗಿಯೇ ನಿಂತ ಉದಾಹರಣೆ ಇಲ್ಲವೆಂದಲ್ಲ. ಅದೇ ಕಿಸುಕಾಡು 70ನ್ನು 11ನೆಯ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿ ಆಳಿದಳು. ಲಕ್ಕುಂಡಿಯಲ್ಲಿ 1007ರ ಸುಮಾರಿಗೆ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಹೇಳುತ್ತಾರೆ. ಅವಳ ಬಿರುದು ದಾನಚಿಂತಾಮಣಿ. ದಾನ ಮಾಡಬೇಕಾದರೆ ಮೊದಲು ಅದು ತನ್ನದಾಗಿರಬೇಕು. ತನ್ನದಲ್ಲದ್ದನ್ನು ಯಾರೂ ದಾನ ಮಾಡಲಾರರು. ಆದ್ದರಿಂದ ಆ ಬಿರುದು ಅವಳ ಔದಾರ್ಯವನ್ನಷ್ಟೇ ಅಲ್ಲ, ಒಡೆತನವನ್ನೂ ಹೇಳುತ್ತದೆ ಎಂದು ನಾನು ತಿಳಿದಿದ್ದೇನೆ.

ಅವಳಾದ ಮೇಲೆ ನೂರು ವರ್ಷದೊಳಗೆ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಮಿತಾಕ್ಷರಾ ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಭಾರತದ ಬಹುಭಾಗದ ಹಿಂದೂಗಳ ಆಸ್ತಿಯ ಕಾನೂನು ಮುಂದೆ ಅದರ ಮೇಲೆ ನಿಂತಿತು. ಸ್ಮೃತಿಯಲ್ಲಿ ಸ್ತ್ರೀಧನ ಯಾವುದೆಂದು ಪಟ್ಟಿ ಇದೆ: ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಬಂದದ್ದು, ಹೀಗೆ. ಕೊನೆಗೆ ‘ಆದ್ಯ’ ಎಂಬ ಸಣ್ಣ ಮಾತು, ಅಂದರೆ ‘ಮೊದಲಾದವು’. ವಿಜ್ಞಾನೇಶ್ವರ ಈ ಒಂದು ಮಾತನ್ನು ಹಿಡಿದುಕೊಂಡ. ಮೊದಲಾದವು ಅಂದರೆ ಏನು? ಉತ್ತರಾಧಿಕಾರದಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು, ಸಿಕ್ಕದ್ದು, ಎಲ್ಲವೂ ಸ್ತ್ರೀಧನವೇ ಎಂದ. ಸ್ತ್ರೀಧನ ಎಂಬುದಕ್ಕೆ ಪದದ ನೇರ ಅರ್ಥವನ್ನೇ ತೆಗೆದುಕೊಳ್ಳಬೇಕು, ಸ್ತ್ರೀಯ ಧನ ಅಷ್ಟೇ ಎಂದ. ಕನ್ನಡ ನೆಲದಲ್ಲಿ ಕುಳಿತು ಒಬ್ಬ ಪಂಡಿತ ಒಂದು ಮಾತಿನ ಬಾಗಿಲನ್ನು ಹೀಗೆ ಅಗಲವಾಗಿ ತೆರೆದ. ಆದರೆ ಇಂಗ್ಲಿಷರ ಕಾಲದಲ್ಲಿ, 1867ರಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲು ಗಂಡನಿಂದ ಹೆಂಡತಿಗೆ ಉತ್ತರಾಧಿಕಾರವಾಗಿ ಬಂದ ಆಸ್ತಿ ಸ್ತ್ರೀಧನವಲ್ಲವೆಂದು ತೀರ್ಪು ಕೊಟ್ಟಿತು. ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು.

ಅದೇ ಸ್ಮೃತಿಯಲ್ಲಿ ಇನ್ನೊಂದು ಮಾತಿದೆ. ಬರಗಾಲದಲ್ಲಿ, ಧರ್ಮಕಾರ್ಯಕ್ಕೆ, ರೋಗ ಬಂದಾಗ, ಸೆರೆಗೆ ಸಿಕ್ಕಾಗ, ಹೀಗೆ ಗಂಡ ಹೆಂಡತಿಯ ಸ್ತ್ರೀಧನವನ್ನು ಬಳಸಿದರೆ ತಿರುಗಿ ಕೊಡಬೇಕಾಗಿಲ್ಲ. ಈ ಪಟ್ಟಿಯನ್ನು ಓದಿದಾಗಲೆಲ್ಲ ನನಗೆ ಅವ್ವನ ಪಾಟಲಿ ನೆನಪಾಗುತ್ತವೆ.

ಅವ್ವನಿಗೆ ತವರಿನಿಂದ ಬಂದಿದ್ದು ಒಂದು ಜೊತೆ ಪಾಟಲಿ, ನಾಲ್ಕು ತೊಲಿಯವು. ನಾನು ಕೂಸಿದ್ದಾಗ, 1959ರಲ್ಲಿ, ನಮ್ಮ ಹೊಲಕ್ಕೆ ಹತ್ತಿದ ನಾಲ್ಕು ಎಕರೆ ಎರಿ ಹೊಲ ಮಾರಾಟಕ್ಕೆ ಬಂತು. ಅಪ್ಪನ ಹತ್ತಿರ ಅರ್ಧ ರೊಕ್ಕವಿತ್ತು. ಉಳಿದರ್ಧಕ್ಕೆ ಅವ್ವ ಪಾಟಲಿ ಬಿಚ್ಚಿ ಕೊಟ್ಟಳು. ಪತ್ತಾರರ ಅಂಗಡಿಗೆ ಹೋಗುವ ದಿನ ಕೈಗೆ ಎಣ್ಣೆ ಹಚ್ಚಿಕೊಂಡು ಅವನ್ನು ತೆಗೆದಳಂತೆ, ಅಷ್ಟು ಬಿಗಿಯಾಗಿದ್ದವಂತೆ. ‘ಸುಗ್ಗಿ ಬಂದಮ್ಯಾಲ ಮಾಡಿಸಿ ಕೊಡ್ತೀನಿ’ ಎಂದ ಅಪ್ಪ. ಅಪ್ಪ ಕೆಟ್ಟವನಲ್ಲ, ಸುಳ್ಳುಗಾರನಲ್ಲ. ಆದರೆ ಸುಗ್ಗಿ ಬಂದಾಗ ಎತ್ತು ಬೇಕಾಯಿತು, ಮುಂದಿನ ಸುಗ್ಗಿಗೆ ನಮ್ಮ ಸಾಲೆಯ ಖರ್ಚು ಬಂತು, ಆಮೇಲೆ ನನ್ನ ಮದುವೆ. ಹೊಲ ಅಪ್ಪನ ಹೆಸರಿಗಾಯಿತು. ಅವ್ವ ಕೊಟ್ಟದ್ದು ಕಡವೋ, ಎರವಲೋ, ದಾನವೋ ಎಂದು ಯಾರೂ ಹೆಸರಿಡಲಿಲ್ಲ. ಹೆಸರಿಡದ ಋಣ ತೀರುವುದು ಕಷ್ಟ.

ಆದರೆ ಮನೆಯಲ್ಲಿ ಆ ಹೊಲಕ್ಕೆ ಮಾತ್ರ ಹೆಸರು ಬಿತ್ತು. ‘ಪಾಟ್ಲಿ ಹೊಲ’. ಆಳುಮಕ್ಕಳೂ ಹಾಗೆಯೇ ಎನ್ನುತ್ತಿದ್ದರು: ‘ಪಾಟ್ಲಿ ಹೊಲದಾಗ ಕಡ್ಲಿ ಬಿತ್ತೂದೈತಿ’. ಉತಾರದಲ್ಲಿ ಸರ್ವೆ ನಂಬರು, ಅಪ್ಪನ ಹೆಸರು. ಬಾಯಲ್ಲಿ ಅವ್ವನ ಕೈಯ ಪಾಟಲಿ.

ಅಪ್ಪ 1987ರಲ್ಲಿ ತೀರಿಕೊಂಡ. ಮರುವರ್ಷ ತಮ್ಮಂದಿರಿಬ್ಬರೂ ಹೊಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅವ್ವನದೂ ನನ್ನದೂ ಸಹಿ ಬೇಕೆಂದರು. ಹಕ್ಕು ಬಿಡುಗಡೆ ಪತ್ರ ಎಂದು ಅದರ ಹೆಸರು. 1956ರ ಉತ್ತರಾಧಿಕಾರ ಕಾನೂನಿನ ಪ್ರಕಾರ ಅಪ್ಪ ಸ್ವಂತ ಕೊಂಡ ಆ ನಾಲ್ಕು ಎಕರೆಯಲ್ಲಿ ಅವ್ವನಿಗೆ ಕಾಲುಪಾಲು, ನನಗೆ ಕಾಲುಪಾಲು, ತಮ್ಮಂದಿರಿಗೆ ಒಂದೊಂದು ಕಾಲುಪಾಲು ಎಂದು ನನಗೆ ಆಗ ಗೊತ್ತಿರಲಿಲ್ಲ. ಕನ್ನಡ ಎಂ.ಎ. ಮಾಡಿದವಳು, ಹೆಬ್ಬಾಳದ ಶಾಸನ ಓದಿದವಳು, ನನ್ನ ಉತಾರ ಓದಲು ಬರುತ್ತಿರಲಿಲ್ಲ! ಗೊತ್ತಿದ್ದರೂ ಸಹಿ ಮಾಡುತ್ತಿದ್ದೆನೇನೋ. ಅಣ್ಣತಮ್ಮಂದಿರ ಸಂಗಡ ಪಾಲು ಕೇಳಿದವಳಿಗೆ ತವರಿನ ಬಾಗಿಲು ಇರುವುದಿಲ್ಲ ಎಂದು ನಮ್ಮನ್ನು ಬೆಳೆಸಿದ್ದರು. ಪಂಚಮಿಗೆ ಕರೆಯಲು ಬರುವವರು ಯಾರು ಎಂಬ ಅಂಜಿಕೆಯ ಮುಂದೆ ಒಂದು ಎಕರೆ ದೊಡ್ಡದಾಗಿ ಕಾಣುವುದಿಲ್ಲ.

ಕಚೇರಿಯಲ್ಲಿ ಕಾರಕೂನರು ಅವ್ವನನ್ನು ಕೇಳಿದರು: ‘ನಿಮ್ಮ ಹಕ್ಕು ಬಿಟ್ಟುಕೊಡಾಕ ನಿಮ್ಮ ಒಪ್ಪಿಗಿ ಐತೇನವ್ವ?’

ಅವ್ವ ಅಂದಳು: ‘ಹಕ್ಕು ಅಂದ್ರ ಏನ್ರೀ? ಏನು ಕೊಡಾಕತ್ತೀನಿ ಅಂತ ಮೊದಲ ಹೇಳ್ರಿ. ಆಮ್ಯಾಲ ಒಪ್ಪಿಗಿ ಕೇಳ್ರಿ.’

ಕಾರಕೂನರು ನಕ್ಕರು. ತಮ್ಮಂದಿರು ನೆಲ ನೋಡಿದರು. ನಾನು ಅವ್ವನ ಕಿವಿಯಲ್ಲಿ ‘ಪಾಟ್ಲಿ ಹೊಲ’ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ‘ಹಂಗಾದ್ರ ಅದು ನಂದಿತ್ತು ಅಂತಾತು. ಕೊಡೂ ದಿನ ಗೊತ್ತಾತು ನೋಡು’ ಎಂದು ಸಹಿ ಮಾಡಿದಳು. ನಾನೂ ಮಾಡಿದೆ. ತಮ್ಮಂದಿರು ನಮ್ಮಿಬ್ಬರಿಗೂ ಒಳ್ಳೆಯ ಇಳಕಲ್ಲ ಸೀರೆ ತಂದಿದ್ದರು. ಮುಂದೆ ಎಷ್ಟೋ ವರ್ಷ ಆ ಸೀರೆಯನ್ನು ನಾನು ಉಡಲಿಲ್ಲ. ಯಾಕೆಂದು ನನಗೇ ಗೊತ್ತಾಗುತ್ತಿರಲಿಲ್ಲ.

ಕಾನೂನು ಆಮೇಲೆ ಬಹಳ ದೂರ ನಡೆದು ಬಂತು. ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹೆಂಗಸರ ಹಕ್ಕಿನ ಕಾಯಿದೆಯಾಗಿತ್ತು. ನಮ್ಮ ಮುಂಬಯಿ ಇಲಾಖೆಯ ಕಡೆಯ ವಿಧವೆಯರಿಗೆ 1937ರ ಕಾಯಿದೆ ಜೀವಮಾನದ ಮಟ್ಟಿಗಿನ ಹಕ್ಕು ಕೊಟ್ಟಿತ್ತು. ಸ್ತ್ರೀಧನ ಸಂಪೂರ್ಣವಾಗಿ ಹೆಂಡತಿಯದು, ಗಂಡನ ಕೈಯಲ್ಲಿದ್ದರೂ ಅದು ನಂಬಿಕೆಯಿಂದ ಇಟ್ಟದ್ದಷ್ಟೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು. 1994ರ ಜುಲೈನಿಂದ ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಬಂತು, ಆದರೆ ಅದಕ್ಕೆ ಮೊದಲು ಮದುವೆಯಾದವರಿಗೆ ಇಲ್ಲ. 2005ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ಕಾನೂನು ತಿದ್ದಿದರು. ಮದುವೆಯಾದ ಮಗಳೂ ಒಳಗೆ ಬಂದಳು. ಮಗಳು ಹುಟ್ಟಿನಿಂದಲೇ ಹಕ್ಕುದಾರಳು, ಆ ದಿನ ತಂದೆ ಬದುಕಿರಬೇಕೆಂದೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು. ಒಡವೆ ಎಂಬ ಮಾತು ಮತ್ತೆ ತನ್ನ ಹಳೆಯ ಅಗಲಕ್ಕೆ ಬರುತ್ತಿದೆ ಎಂದು ನಾನು ಸಂತೋಷಪಡುತ್ತೇನೆ. ನನ್ನ ಮಗಳಿಗೆ ಹೇಳಿದ್ದೇನೆ: ಯಾವ ಕಾಗದಕ್ಕೆ ಸಹಿ ಮಾಡುವ ಮೊದಲೂ ನಿನ್ನ ಅಜ್ಜಿ ಕೇಳಿದ ಪ್ರಶ್ನೆ ಕೇಳು. ಏನು ಕೊಡಾಕತ್ತೀನಿ ಅಂತ ಮೊದಲ ಹೇಳ್ರಿ.

ಅವ್ವ 2003ರಲ್ಲಿ ಹೋದಳು. ಕೊನೆಯ ದಿನಗಳಲ್ಲಿ ಅವಳ ಚಿಂತೆ ಒಂದು ಹಿತ್ತಾಳೆಯ ಕೊಡದ್ದು. ಓಣಿಯ ಮೂಲೆಮನೆಯಿಂದ ಯಾವುದೋ ಮದುವೆಗೆ ಎರವಲು ತಂದದ್ದು ಹಾಗೆಯೇ ಉಳಿದಿತ್ತಂತೆ. ಆ ಮನೆಯವರು ಊರು ಬಿಟ್ಟೇ ಮೂವತ್ತು ವರ್ಷವಾಗಿತ್ತು. ತಮ್ಮ ಹುಡುಕಿಕೊಂಡು ಹುಬ್ಬಳ್ಳಿಗೆ ಹೋಗಿ ಅವರ ಮೊಮ್ಮಗಳ ಮನೆಗೆ ಕೊಟ್ಟು ಬಂದ. ‘ಬರಿದು ಕೊಟ್ಟಿಲ್ಲಲಾ?’ ಎಂದು ಕೇಳಿದಳು ಅವ್ವ. ಒಂದು ಸೇರು ಅಕ್ಕಿ ಹಾಕಿಕೊಟ್ಟೆ ಎಂದ. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ತನ್ನ ಪಾಟಲಿಯ ಬಗ್ಗೆ ಅವಳು ಯಾರನ್ನೂ ಒಂದು ಮಾತೂ ಕೇಳಲಿಲ್ಲ.

ಅದೇ ಸಣ್ಣ ತಮ್ಮ ಪ್ರತಿ ಸುಗ್ಗಿಗೆ ನನಗೆ ಒಂದು ಚೀಲ ಜೋಳ ಕಳಿಸುತ್ತಾನೆ. 1989ರಿಂದ ಒಂದು ವರ್ಷವೂ ತಪ್ಪಿಲ್ಲ. ಬರಗಾಲದಲ್ಲಿ ಅರ್ಧ ಚೀಲ ಬಂದದ್ದುಂಟು. ಮೊದಲು ಅದಕ್ಕೆ ‘ತವರಿನ ಅರಿಷಿಣ-ಕುಂಕುಮದ್ದು’ ಎನ್ನುತ್ತಿದ್ದ. ನನ್ನ ಯಜಮಾನರು ತೀರಿಕೊಂಡ ಮೇಲೆ ಆ ಮಾತು ಬಿಟ್ಟ, ಚೀಲ ಕಳಿಸುವುದು ಬಿಡಲಿಲ್ಲ. ಇದನ್ನು ಏನೆನ್ನಬೇಕು? ಉಡುಗೊರೆಯೇ? ನಾನು ಬಿಟ್ಟುಕೊಟ್ಟ ಎಕರೆಯ ಬಡ್ಡಿಯೇ? ಕಡ ತೀರಿಸುತ್ತಿದ್ದಾನೆಯೇ? ಬಿಟ್ಟುಕೊಟ್ಟದ್ದು ತಪ್ಪೆಂದು ನಾನು ಹೇಳುವಾಗ ಈ ಚೀಲ ಅಡ್ಡ ಬರುತ್ತದೆ. ಸರಿಯೆಂದು ಹೇಳಲು ಹೋದರೆ ಅವ್ವನ ಬರಿಗೈ ಅಡ್ಡ ಬರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನಿಂದ ಆಗಿಲ್ಲ.

ಮೊಮ್ಮಗ ಸಕ್ಕರೆಯ ಪ್ರಶ್ನೆ ಕೇಳಿದ ಮರುದಿನ ನಾನು ತಮ್ಮನಿಗೆ ಫೋನು ಮಾಡಿದೆ. ಅದೂ ಇದೂ ಮಾತಾಡಿ ಕೇಳಿಯೇ ಬಿಟ್ಟೆ: ‘ಅಲ್ಲೋ, ನೀ ವರ್ಷಾ ಕಳಸ್ತೀಯಲ್ಲ, ಅದಕ್ಕ ಏನಂತಾರ?’

‘ಜ್ವಾಳ ಅಂತಾರ ಅಕ್ಕಾ’ ಎಂದು ನಕ್ಕ. ಆಮೇಲೆ ಸ್ವಲ್ಪ ತಡೆದು ಅಂದ, ‘ಪಾಟ್ಲಿ ಹೊಲದ ಜ್ವಾಳ. ಬ್ಯಾರೆ ಹೊಲದ್ದು ನಿನಗ ಯಾವಾಗೂ ಕಳಿಸಿಲ್ಲ.’

ಮೂವತ್ತು ವರ್ಷ ಆ ಜೋಳದ ರೊಟ್ಟಿ ತಿಂದಿದ್ದೇನೆ. ಅದು ನನಗೆ ಗೊತ್ತಿರಲಿಲ್ಲ. ಫೋನು ಇಟ್ಟು ಹೊರಗೆ ಬಂದಾಗ ಪಕ್ಕದ ಮನೆಯ ಹುಡುಗಿ ವಾಟಗದಲ್ಲಿ ಸಕ್ಕರೆ ತಂದು ನಿಂತಿದ್ದಳು. ಶಿಗಿ ತುಂಬಿತ್ತು, ಒಂದಿಷ್ಟು ನೆಲಕ್ಕೂ ಬಿತ್ತು.